ಅಪ್ಪ ಓಡಿಸಬಹುದು, ಮಗಳು ಓಡಿಸುವ ಹಾಗಿಲ್ಲ

ಪ್ರಶ್ನೆ: ನನಗೆ 58 ವರ್ಷ, ಊರು ಶಿವಮೊಗ್ಗ. 30 ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಮಗಳು ಒಂದೂವರೆ ವರ್ಷದಿಂದ ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾಳೆ. ಜೂನ್‌ನಲ್ಲಿ ನಾನು, ನನ್ನ ಹೆಂಡತಿ ಅಲ್ಲಿಗೆ ಹೋಗುತ್ತಿದ್ದೇವೆ. ಬಾಡಿಗೆಗೆ ಕಾರು ತೆಗೆದುಕೊಂಡು ಮೂವರೂ ಆಸ್ಟ್ರಿಯಾ, ಇಟಲಿ, ಸ್ವಿಟ್ಜರ್‌ಲೆಂಡ್ ಸುತ್ತಬೇಕೆಂದಿದ್ದೇವೆ. ನನ್ನ ಕರ್ನಾಟಕದ ಡಿಎಲ್ ಸಾಕಾ? ಇಂಟರ್‌ನ್ಯಾಷನಲ್ ಲೈಸೆನ್ಸ್ ಮಾಡಿಸಲೇಬೇಕಾ? ಮಗಳ ಹತ್ತಿರವೂ ಇಲ್ಲಿಯ ಡಿಎಲ್ ಇದೆ. ಅವಳು ಅರ್ಧ ದಾರಿ ಓಡಿಸಬಹುದು ಅಲ್ವಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನೀವು ಅದನ್ನು ಹೌದು ಅಂದುಕೊಂಡೇ ಕೇಳಿದ್ದೀರಿ. ಆದರೆ ಉತ್ತರ ಇಲ್ಲ. ನೀವು ಓಡಿಸಬಹುದು, ನಿಮ್ಮ ಮಗಳು ಓಡಿಸುವ ಹಾಗಿಲ್ಲ. ಇಬ್ಬರ ಕೈಯಲ್ಲೂ ಇರುವುದು ಒಂದೇ ಥರದ ಕಾರ್ಡ್, ಬಹುಶಃ ಒಂದೇ ಆರ್‌ಟಿಒ ಕೊಟ್ಟಿದ್ದು. ಆದರೂ ಹೀಗೆ.

ಯಾಕೆ ಅಂದರೆ, ಬೇರೆ ದೇಶದ ಡಿಎಲ್ ನೋಡಿದಾಗ ಅಲ್ಲಿನ ಕಾನೂನು ಮೊದಲು ಕೇಳುವುದು "ನೀನು ಎಲ್ಲಿ ವಾಸ ಮಾಡುತ್ತೀಯ?" ಅಂತ. ಚೆನ್ನಾಗಿ ಓಡಿಸುತ್ತೀಯಾ ಅಂತಲ್ಲ. ಬಂದು ಹೋಗುವವರಿಗೆ ಒಂದು ನಿಯಮ. ಅಲ್ಲೇ ಮನೆ ಮಾಡಿಕೊಂಡವರಿಗೆ ಇನ್ನೊಂದು. ಜರ್ಮನಿಯಲ್ಲಿ ವಾಸಕ್ಕೆ ಬಂದ ದಿನದಿಂದ 6 ತಿಂಗಳು ಮಾತ್ರ ಇಂಡಿಯಾದ ಡಿಎಲ್ ನಡೆಯುತ್ತದೆ. ಒಟ್ಟು 12 ತಿಂಗಳಿಗಿಂತ ಜಾಸ್ತಿ ಇರುವುದಿಲ್ಲ ಎಂದು ದಾಖಲೆ ತೋರಿಸಿದವರಿಗೆ ಇನ್ನೂ 6 ತಿಂಗಳವರೆಗೆ ಕೊಡಬಹುದು. ನಿಮ್ಮ ಮಗಳು ಹೋಗಿ ಒಂದೂವರೆ ವರ್ಷವಾಗಿದೆ. ಅಂದರೆ ಜರ್ಮನಿಯ ಲೆಕ್ಕದಲ್ಲಿ ಅವರ ಹತ್ತಿರ ಲೈಸೆನ್ಸೇ ಇಲ್ಲ. ಇಲ್ಲಿ ಅದು 2040ರವರೆಗೆ ಚಾಲ್ತಿಯಲ್ಲಿದ್ದರೂ ಅಷ್ಟೇ.

ಇದನ್ನು ಸಣ್ಣ ದಂಡದ ವಿಷಯ ಅಂದುಕೊಳ್ಳಬೇಡಿ. ಲೈಸೆನ್ಸ್ ಇಲ್ಲದೆ ಓಡಿಸುವುದು ಜರ್ಮನಿಯಲ್ಲಿ ಕ್ರಿಮಿನಲ್ ಅಪರಾಧ. ಒಂದು ವರ್ಷದವರೆಗೆ ಜೈಲು ಅಥವಾ ದಂಡ. ವೀಸಾ ಮೇಲೆ ಅಲ್ಲಿ ಬದುಕು ಕಟ್ಟಿಕೊಳ್ಳುತ್ತಿರುವ ಹುಡುಗಿಗೆ ಪೊಲೀಸ್ ಕೇಸ್ ಎಂದರೆ ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಗೊತ್ತಿದ್ದೂ ಕಾರು ಕೊಟ್ಟವರ ಮೇಲೂ ಕೇಸ್ ಆಗಬಹುದು. ಬಾಡಿಗೆ ಕಾರು ನಿಮ್ಮ ಹೆಸರಿನಲ್ಲಿರುತ್ತದೆ. ಆದ್ದರಿಂದ "ಹೈವೇ ಖಾಲಿ ಇದೆ, ಸ್ವಲ್ಪ ಹೊತ್ತು ಅವಳು ಹಿಡಿಯಲಿ" ಅನ್ನುವುದು ಖಂಡಿತ ಬೇಡ. ಇಟಲಿಗೆ ದಾಟಿದ ಮೇಲೂ ಬೇಡ.

ಈ ತಪ್ಪು ಜರ್ಮನಿಯಲ್ಲಿ ಮಾತ್ರ ಆಗುವಂಥದ್ದಲ್ಲ. ಮಂಗಳೂರು, ಉಡುಪಿ, ಭಟ್ಕಳದ ಕಡೆ ದುಬೈಗೆ ಹೋಗಿಬರುವವರು ಮನೆಮನೆಯಲ್ಲೂ ಇದ್ದಾರೆ. ವಿಸಿಟ್ ವೀಸಾದಲ್ಲಿ ಹೋದ ತಮ್ಮನೊಬ್ಬ ಐಡಿಪಿ, ಅಂದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ತೋರಿಸಿ ಬಾಡಿಗೆ ಕಾರು ಓಡಿಸಬಹುದು. ಅದೇ ತಮ್ಮನಿಗೆ ಕೆಲಸ ಸಿಕ್ಕಿ ರೆಸಿಡೆನ್ಸ್ ವೀಸಾ ಆದ ಮೇಲೆ ಅದು ನಡೆಯುವುದಿಲ್ಲ. ಅಲ್ಲಿಯದೇ ಲೈಸೆನ್ಸ್ ಬೇಕು. ಬ್ರಿಟನ್‌ನಲ್ಲಿ ವಾಸಕ್ಕೆ ಹೋದವರಿಗೆ 12 ತಿಂಗಳು ಅವಕಾಶ. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಪಾಸು ಮಾಡಬೇಕು. ಇಂಡಿಯಾದ ಡಿಎಲ್ ಕೊಟ್ಟು ಅಲ್ಲಿಯದನ್ನು ಬದಲಿಸಿಕೊಳ್ಳಲು ಆಗುವುದಿಲ್ಲ. ಮೊದಲ ವರ್ಷ ಆರಾಮಾಗಿ ಓಡಿಸಿ, ಎರಡನೇ ವರ್ಷವೂ ಅದೇ ಧೈರ್ಯದಲ್ಲಿ ಓಡಿಸಿ ಸಿಕ್ಕಿಬಿದ್ದವರನ್ನು ನೋಡಿದ್ದೇನೆ. ಬೇಜಾರಾಗುತ್ತದೆ, ಯಾಕೆಂದರೆ ಅವರಲ್ಲಿ ಯಾರೂ ಕಾನೂನು ಮುರಿಯಬೇಕೆಂದು ಹೊರಟವರಲ್ಲ.

ಈಗ ನಿಮ್ಮ ವಿಷಯ. ನೀವು ಪ್ರವಾಸಿ. ವರ್ಷಕ್ಕೆ 185 ದಿನ ಅಲ್ಲಿ ಇರುವವರಲ್ಲ. ಹಾಗಾಗಿ ನಿಮ್ಮ ಕರ್ನಾಟಕದ ಡಿಎಲ್ ಜರ್ಮನಿಯಲ್ಲಿ ನಡೆಯುತ್ತದೆ. ಆದರೆ ಅದರ ಜೊತೆ ಅನುವಾದ ಇರಬೇಕು. ಡಿಎಲ್ ಇಂಗ್ಲಿಷ್‌ನಲ್ಲಿದ್ದರೂ ಈ ನಿಯಮ ತಪ್ಪುವುದಿಲ್ಲ. ಆ ಅನುವಾದದ ಕೆಲಸ ಮಾಡುವುದೇ ಈ ಐಡಿಪಿ. ನಾವೆಲ್ಲ ಸುಮ್ನೆ ಇಂಟರ್‌ನ್ಯಾಷನಲ್ ಲೈಸೆನ್ಸ್ ಅಂದುಬಿಡುತ್ತೇವೆ. ಅದು ಲೈಸೆನ್ಸ್ ಅಲ್ಲ. ನಿಮ್ಮ ಲೈಸೆನ್ಸ್‌ನಲ್ಲಿ ಏನಿದೆ ಎಂದು ನಾಲ್ಕಾರು ಭಾಷೆಯಲ್ಲಿ ಹೇಳುವ ಚಿಕ್ಕ ಪುಸ್ತಕ. ಮೂಲ ಡಿಎಲ್ ಜೊತೆಯಲ್ಲಿ ಇಲ್ಲದಿದ್ದರೆ ಅದಕ್ಕೆ ಬೆಲೆಯೇ ಇಲ್ಲ. ಡಿಜಿಲಾಕರ್‌ನಲ್ಲಿರುವ ಡಿಎಲ್ ಶಿವಮೊಗ್ಗದ ಪೊಲೀಸರಿಗೆ ತೋರಿಸಬಹುದು, ಮ್ಯೂನಿಕ್‌ನಲ್ಲಿ ಅದು ಫೋನಿನಲ್ಲಿರುವ ಒಂದು ಚಿತ್ರ ಅಷ್ಟೇ. ಕಾರ್ಡೇ ಬೇಕು. ನಿಮ್ಮದು ಇನ್ನೂ ಹಳೆಯ ಪುಸ್ತಕದ ಡಿಎಲ್ ಆಗಿದ್ದರೆ ಈಗಲೇ ಸ್ಮಾರ್ಟ್ ಕಾರ್ಡ್ ಮಾಡಿಸಿಕೊಳ್ಳಿ.

ಆಸ್ಟ್ರಿಯಾ ಮತ್ತು ಇಟಲಿಯಲ್ಲೂ ಐಡಿಪಿ ಅಥವಾ ಅನುವಾದ ಕೇಳುತ್ತಾರೆ. ಇಟಲಿಯ ಪೊಲೀಸರು ರಸ್ತೆಯಲ್ಲಿ ತಡೆದಾಗ ಅದಿಲ್ಲದಿದ್ದರೆ ನೂರಾರು ಯೂರೋ ದಂಡ ಬೀಳುತ್ತದೆ. ಸ್ವಿಟ್ಜರ್‌ಲೆಂಡ್ ಇದರಲ್ಲಿ ಸ್ವಲ್ಪ ಸಡಿಲ. ನಿಮ್ಮ ದಾರಿಯಲ್ಲಿ ನಾಲ್ಕು ದೇಶ ಇರುವುದರಿಂದ ಯೋಚನೆ ಮಾಡುವುದೇ ಬೇಡ, ಮಾಡಿಸಿಬಿಡಿ.

ಮಾಡಿಸುವುದು ಕಷ್ಟವಿಲ್ಲ. ಸರ್ಕಾರದ ಸಾರಿಗೆ ಸೇವೆಗಳ ಸಾರಥಿ ಪೋರ್ಟಲ್‌ನಲ್ಲಿ ಡಿಎಲ್ ಸೇವೆಗಳ ಕೆಳಗೆ ಅರ್ಜಿ ಇದೆ, ನಮೂನೆ 4ಎ. ಕೇಂದ್ರದ ನಿಯಮದ ಪ್ರಕಾರ ಶುಲ್ಕ 1,000 ರೂಪಾಯಿ. ಡಿಎಲ್, ಪಾಸ್‌ಪೋರ್ಟ್, ಫೋಟೋ ಇಟ್ಟುಕೊಂಡು ನಿಮ್ಮ ಆರ್‌ಟಿಒಗೆ ಹೋಗಿ. ಅರ್ಜಿಗೆ ವೀಸಾ ಮತ್ತು ಮೆಡಿಕಲ್ ಸರ್ಟಿಫಿಕೇಟ್ ಕಡ್ಡಾಯ ಎನ್ನುವ ಷರತ್ತನ್ನು 2021ರಲ್ಲಿ ತೆಗೆದರು. ಆದರೂ ವೀಸಾ ಬಂದಿದ್ದರೆ, ಟಿಕೆಟ್ ಆಗಿದ್ದರೆ ಅದರ ಜೆರಾಕ್ಸ್ ಇಟ್ಟುಕೊಂಡಿರಿ. ಎರಡನೇ ಸಲ ಓಡಾಡುವುದು ತಪ್ಪುತ್ತದೆ. ಐಡಿಪಿ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ. ಹಾಗಾಗಿ ಜನವರಿಯಲ್ಲೇ ಓಡಬೇಡಿ. ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರ ಸರಿಯಾದ ಸಮಯ.

ನಿಮ್ಮ ವಯಸ್ಸಿನವರು ಮರೆಯುವ ಒಂದು ವಿಷಯ ಇದೆ. 2019ರ ತಿದ್ದುಪಡಿಯ ನಂತರ 55 ದಾಟಿದವರಿಗೆ ಡಿಎಲ್ ನವೀಕರಣ ಆಗುವುದು 5 ವರ್ಷಕ್ಕೆ ಮಾತ್ರ. ಕಾರ್ಡಿನ ಮೇಲಿನ ಕೊನೆಯ ದಿನಾಂಕ ಇವತ್ತೇ ನೋಡಿ. ಡಿಎಲ್ ಜುಲೈನಲ್ಲಿ ಮುಗಿಯುತ್ತದೆ ಅಂದರೆ ಐಡಿಪಿಯೂ ಜುಲೈನಲ್ಲೇ ಮುಗಿಯುತ್ತದೆ. ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮೊದಲು ಅದನ್ನು ಮುಗಿಸಿ, ಆಮೇಲೆ ಐಡಿಪಿಗೆ ಹೋಗಿ.

ಇಂಟರ್‌ನೆಟ್‌ನಲ್ಲಿ "ಮನೆಯಲ್ಲೇ ಕುಳಿತು ಇಂಟರ್‌ನ್ಯಾಷನಲ್ ಲೈಸೆನ್ಸ್, 3 ವರ್ಷ, 10 ವರ್ಷ" ಎಂದು ಜಾಹೀರಾತು ಬರುತ್ತದೆ. ಡಾಲರ್‌ನಲ್ಲಿ ದುಡ್ಡು ತೆಗೆದುಕೊಂಡು ಹೊಳೆಯುವ ಪ್ಲಾಸ್ಟಿಕ್ ಕಾರ್ಡ್ ಕಳಿಸುತ್ತಾರೆ. ಅದಕ್ಕೆ ಯಾವ ದೇಶದಲ್ಲೂ ಮಾನ್ಯತೆ ಇಲ್ಲ. ಇಂಡಿಯಾದ ಐಡಿಪಿ 10 ವರ್ಷಕ್ಕೆ ಬರುವುದೇ ಇಲ್ಲ. ಇದೊಂದು ನೆನಪಿದ್ದರೆ ಸಾಕು, ಮೋಸ ಹೋಗುವುದಿಲ್ಲ.

ಆ ಪುಸ್ತಕ ಕೈಗೆ ಬಂದಾಗ ಆರ್‌ಟಿಒ ಕಚೇರಿಯ ಬಾಗಿಲು ದಾಟುವ ಮೊದಲೇ ಬಿಚ್ಚಿ ನೋಡಿ. ಒಳಗೆ ಎ, ಬಿ, ಸಿ, ಡಿ, ಇ ಎಂದು ಐದು ವರ್ಗ ಇರುತ್ತದೆ. ಎ ಅಂದರೆ ಬೈಕು. ಬಿ ಅಂದರೆ ಕಾರು, 3,500 ಕೆಜಿವರೆಗೆ, ಡ್ರೈವರ್ ಬಿಟ್ಟು 8 ಸೀಟಿನವರೆಗೆ. ನಿಮಗೆ ಬಿ ಎದುರು ಮುದ್ರೆ ಬಿದ್ದಿರಬೇಕು. ನಮ್ಮಲ್ಲಿ ಎಲ್‌ಎಂವಿ (ಲಘು ವಾಹನ) ಎಂದರೆ 7,500 ಕೆಜಿವರೆಗೆ ಆಗುತ್ತದೆ. ಹೊರಗೆ ಬಿ ವರ್ಗ ಅದರ ಅರ್ಧಕ್ಕೇ ನಿಲ್ಲುತ್ತದೆ. ಮಲಗುವ ಜಾಗ, ಅಡಿಗೆಮನೆ ಎಲ್ಲ ಇರುವ ದೊಡ್ಡ ಕ್ಯಾಂಪರ್ ವ್ಯಾನ್ ಬಾಡಿಗೆಗೆ ತೆಗೆದುಕೊಳ್ಳುವ ಆಸೆ ಇದ್ದರೆ ಅದರ ತೂಕ ಕೇಳಿಕೊಳ್ಳಿ. ಬೈಕಿನ ಮುದ್ರೆಯ ವಿಷಯದಲ್ಲಂತೂ ಹುಡುಗರಿಗೆ ನಾನು ಕೈಮುಗಿದು ಹೇಳುತ್ತೇನೆ. ಕಾರಿನ ಡಿಎಲ್ ಮಾತ್ರ ಇದ್ದು ಥಾಯ್ಲೆಂಡ್‌ನಲ್ಲಿ ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡು ಬಿದ್ದರೆ, ಟ್ರಾವೆಲ್ ಇನ್ಶೂರೆನ್ಸ್‌ನವರು ಆಸ್ಪತ್ರೆ ಬಿಲ್ಲು ಕಟ್ಟುವುದಿಲ್ಲ ಎನ್ನಬಹುದು. ಎ ಮುದ್ರೆ ಇಲ್ಲದವರು ಸ್ಕೂಟರ್ ಮುಟ್ಟಬಾರದು.

ಇನ್ನು ಹೆಸರು. ನಮ್ಮ ಕಡೆಯವರಿಗೆ ಇದು ದೊಡ್ಡ ತಲೆನೋವು. ನಮ್ಮಲ್ಲಿ ಬಹಳ ಜನಕ್ಕೆ ಸರ್‌ನೇಮ್ ಇಲ್ಲ. ಊರಿನ ಹೆಸರು, ಅಪ್ಪನ ಹೆಸರು ಎರಡೂ ಇನಿಶಿಯಲ್ ಆಗಿ ಕೂತಿರುತ್ತವೆ. ಡಿಎಲ್‌ನಲ್ಲಿ "ರಮೇಶ ಎಚ್ ಎಸ್" ಎಂದಿರುತ್ತದೆ ಅಂದುಕೊಳ್ಳಿ. ಅದೇ ಮನುಷ್ಯನ ಪಾಸ್‌ಪೋರ್ಟ್‌ನಲ್ಲಿ "ಹೊಸಹಳ್ಳಿ ಶಿವಪ್ಪ ರಮೇಶ". ನಮಗೆ ಇಬ್ಬರೂ ಒಬ್ಬರೇ. ಬಾಡಿಗೆ ಕೌಂಟರಿನಲ್ಲಿ ಕೂತವರಿಗೆ ಅವರು ಇಬ್ಬರು.

ಕೆಲವು ವರ್ಷದ ಹಿಂದೆ ಯೂರೋಪಿನ ಒಂದು ವಿಮಾನ ನಿಲ್ದಾಣದಲ್ಲಿ ನನಗೇ ಇದು ಆಯಿತು. ಕೌಂಟರಿನ ಹುಡುಗ ಪಾಸ್‌ಪೋರ್ಟ್ ಒಂದು ಕೈಯಲ್ಲಿ, ಡಿಎಲ್ ಇನ್ನೊಂದು ಕೈಯಲ್ಲಿ ಹಿಡಿದು ಅಕ್ಷರ ಅಕ್ಷರ ಹೋಲಿಸಿ ನೋಡಿದ. ಕ್ರೆಡಿಟ್ ಕಾರ್ಡ್‌ನಲ್ಲಿ ಮೂರನೇ ಥರದ ಹೆಸರು ಇತ್ತು. ಕಾರು ಕೊಡಲು ಆಗುವುದಿಲ್ಲ ಅಂದ. ಮಕ್ಕಳು ಬ್ಯಾಗಿನ ಮೇಲೆ ನಿದ್ದೆ ಹೋಗಿದ್ದರು. ನನ್ನ ಹೆಂಡತಿಗೆ ಹೊಳೆಯಿತು, ಪಾಸ್‌ಪೋರ್ಟ್‌ನ ಕೊನೆಯ ಪುಟ ತಿರುಗಿಸಿ ಅಪ್ಪನ ಹೆಸರು ತೋರಿಸಿದಳು. ಇನಿಶಿಯಲ್‌ಗೂ ಅದಕ್ಕೂ ತಾಳೆ ಹಾಕಿ, ಮೇಲಿನವರನ್ನು ಕರೆಸಿ, ಕೊನೆಗೆ ಬೀಗದ ಕೈ ಕೊಟ್ಟರು. 40 ನಿಮಿಷ ಹೋಯಿತು. ಎಲ್ಲರೂ ಹೀಗೆ ಕೇಳಿಸಿಕೊಳ್ಳುತ್ತಾರೆ ಎನ್ನುವ ಗ್ಯಾರಂಟಿ ಇಲ್ಲ. ಇಲ್ಲ ಎಂದರೆ ಇಲ್ಲ, ಕಟ್ಟಿದ ದುಡ್ಡೂ ಹೋಗಬಹುದು.

ಆದ್ದರಿಂದ ಇವತ್ತು ರಾತ್ರಿ ಊಟವಾದ ಮೇಲೆ ಡಿಎಲ್, ಪಾಸ್‌ಪೋರ್ಟ್, ಕ್ರೆಡಿಟ್ ಕಾರ್ಡ್ ಮೂರನ್ನೂ ಟೇಬಲ್ ಮೇಲೆ ಅಕ್ಕಪಕ್ಕ ಇಟ್ಟು ನೋಡಿ. ಐಡಿಪಿಯಲ್ಲಿ ಹೆಸರು ಬರುವುದು ಡಿಎಲ್‌ನಲ್ಲಿ ಇರುವ ಹಾಗೇ. ದೊಡ್ಡ ವ್ಯತ್ಯಾಸ ಇದ್ದರೆ ಡಿಎಲ್‌ನಲ್ಲಿ ಹೆಸರು ತಿದ್ದಿಸಲು ಈಗಲೇ ಅರ್ಜಿ ಕೊಡಿ. ಕಾರು ಬುಕ್ ಮಾಡುವಾಗ ಪಾಸ್‌ಪೋರ್ಟ್‌ನ ಹೆಸರನ್ನೇ ಹಾಕಿ. ಕ್ರೆಡಿಟ್ ಕಾರ್ಡ್ ಮುಖ್ಯ ಡ್ರೈವರ್ ಹೆಸರಿನದ್ದೇ ಆಗಿರಬೇಕು, ಅಂದರೆ ನಿಮ್ಮದು. ಮಗಳ ಕಾರ್ಡ್ ಕೊಡುತ್ತೇವೆ ಎಂದರೆ ಹೆಚ್ಚಿನ ಕಡೆ ಒಪ್ಪುವುದಿಲ್ಲ. ಡೆಬಿಟ್ ಕಾರ್ಡ್ ನಂಬಿಕೊಂಡು ಹೋಗಬೇಡಿ.

ಒಂದು ಮಾತು ಇಲ್ಲಿ ಹೇಳಲೇಬೇಕು. ನಿಮ್ಮ ಡಿಎಲ್ ಕೇಳುವವರು ಮೂವರು: ಪೊಲೀಸರು, ಬಾಡಿಗೆ ಕಂಪನಿ, ಇನ್ಶೂರೆನ್ಸ್ ಕಂಪನಿ. ಮೂವರ ನಿಯಮವೂ ಒಂದೇ ಅಲ್ಲ. ಅಮೆರಿಕದಲ್ಲಿ ಒಂದೊಂದು ರಾಜ್ಯದ್ದು ಒಂದೊಂದು ಕಾನೂನು. ಕ್ಯಾಲಿಫೋರ್ನಿಯಾಗೆ ಪ್ರವಾಸ ಹೋದವರು ಬರೀ ಇಂಡಿಯಾದ ಡಿಎಲ್‌ನಲ್ಲಿ ಓಡಿಸಬಹುದು, ಐಡಿಪಿ ಕಡ್ಡಾಯವಲ್ಲ. ಆದರೆ ಕಾನೂನು ಬೇಡ ಅಂದ ಕಡೆಯೂ ಬಾಡಿಗೆ ಕಂಪನಿ ಬೇಕು ಅನ್ನಬಹುದು. ಅವರ ಷರತ್ತಿನ ಪುಟವನ್ನು ಬುಕ್ ಮಾಡುವ ಮೊದಲು ಓದಿ. ಇನ್ಶೂರೆನ್ಸ್‌ನವರು ಕೇಳುವುದು ಎಲ್ಲ ಆದ ಮೇಲೆ, ಅಪಘಾತ ಆದಾಗ. ಆಗ ಓಡಿಸುತ್ತಿದ್ದವರ ಲೈಸೆನ್ಸ್ ಸರಿಯಿಲ್ಲ, ಅಥವಾ ಅವರ ಹೆಸರು ಒಪ್ಪಂದದಲ್ಲಿ ಇಲ್ಲ ಎಂದಾದರೆ ಕಾರಿನ ಹಾನಿಯ ದುಡ್ಡು ನಿಮ್ಮ ತಲೆಗೇ ಬರುತ್ತದೆ.

ಈ ಐಡಿಪಿ ಎಲ್ಲ ದೇಶದಲ್ಲೂ ನಡೆಯುತ್ತದಾ ಎಂದು ಮುಂದೆ ಕೇಳುವವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ರಸ್ತೆ ಸಂಚಾರದ ಬಗ್ಗೆ ಎರಡು ದೊಡ್ಡ ಅಂತರರಾಷ್ಟ್ರೀಯ ಒಪ್ಪಂದಗಳಿವೆ. ಒಂದು 1949ರ ಜಿನೀವಾ ಒಪ್ಪಂದ, ಇನ್ನೊಂದು 1968ರ ವಿಯೆನ್ನಾ ಒಪ್ಪಂದ. ಇಂಡಿಯಾ ಇರುವುದು 1949ರದ್ದರಲ್ಲಿ. ನಮ್ಮ ಐಡಿಪಿಯೂ ಅದರ ಪ್ರಕಾರವೇ ಬರುತ್ತದೆ. 2022ರ ಆಗಸ್ಟ್‌ವರೆಗೆ ಇದು ಒಂದೊಂದು ರಾಜ್ಯದಲ್ಲಿ ಒಂದೊಂದು ಅಳತೆ, ಒಂದೊಂದು ಬಣ್ಣದಲ್ಲಿ ಬರುತ್ತಿತ್ತು. ಹೊರಗೆ ಹೋದವರಿಗೆ ತೊಂದರೆ ಆಗುತ್ತಿತ್ತು. ಆಗ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಒಂದೇ ಮಾದರಿ ತಂದಿತು, ಕ್ಯುಆರ್ ಕೋಡ್ ಕೂಡ ಸೇರಿಸಿತು.

ಜಪಾನ್ ಒಪ್ಪುವುದು 1949ರ ಐಡಿಪಿಯನ್ನು ಮಾತ್ರ. ಹಾಗಾಗಿ ನಮ್ಮದು ಅಲ್ಲಿ ಚೆನ್ನಾಗಿ ನಡೆಯುತ್ತದೆ. ವಿಯೆಟ್ನಾಂ ಇದಕ್ಕೆ ಉಲ್ಟಾ. ಅದು 1968ರ ಒಪ್ಪಂದದಲ್ಲಿ ಮಾತ್ರ ಇದೆ. ಬೆಂಗಳೂರಿನಿಂದ ಎಷ್ಟೋ ಹುಡುಗರು ಅಲ್ಲಿಗೆ ಹೋಗಿ ಬೈಕ್ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ಅಂಗಡಿಯವರು ಐಡಿಪಿ ನೋಡಿ ತಲೆ ಆಡಿಸಿ ಬೀಗದ ಕೈ ಕೊಡುತ್ತಾರೆ. ಅಂಗಡಿಯವರು ಕೊಟ್ಟ ಮಾತ್ರಕ್ಕೆ ಕಾನೂನು ಒಪ್ಪಿದ ಹಾಗಲ್ಲ. ಚೀನಾ ಯಾವ ಐಡಿಪಿಯನ್ನೂ ಒಪ್ಪುವುದಿಲ್ಲ. ಅಲ್ಲಿಯದೇ ತಾತ್ಕಾಲಿಕ ಲೈಸೆನ್ಸ್ ಬೇಕು. ನೇಪಾಳಕ್ಕೆ ನಮ್ಮ ಕಾರನ್ನೇ ತೆಗೆದುಕೊಂಡು ಹೋಗಬಹುದು, ನಮ್ಮ ಡಿಎಲ್ ಸಾಕು. ಗಡಿಯಲ್ಲಿ ಭನ್ಸಾರ್ ಎನ್ನುವ ಸುಂಕ ದಿನದ ಲೆಕ್ಕದಲ್ಲಿ ಕಟ್ಟಿ ಚೀಟಿ ತೆಗೆದುಕೊಳ್ಳಬೇಕು.

ನಿಮ್ಮ ಪ್ರವಾಸಕ್ಕೆ ವಾಪಸ್ ಬರೋಣ. ಕಾಗದ ಸರಿ ಇದ್ದರೂ ಕೈಕಾಲು ಹೊಂದಿಕೊಳ್ಳಬೇಕಲ್ಲ. ಆ ನಾಲ್ಕೂ ದೇಶದಲ್ಲಿ ಬಲಗಡೆ ಓಡಿಸಬೇಕು. ಸ್ಟಿಯರಿಂಗ್ ಎಡಕ್ಕೆ, ಗೇರ್ ಬಲಗೈಗೆ. ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಮಾತ್ರ ನಮ್ಮ ಹಾಗೇ. ಇಂಡಿಕೇಟರ್ ಕಡ್ಡಿ ನಮ್ಮಲ್ಲಿ ಬಲಕ್ಕೆ ಇರುವುದು ಜಾಸ್ತಿ, ಅಲ್ಲಿ ಎಡಕ್ಕೆ. ಮೊದಲ ದಿನ ಇಂಡಿಕೇಟರ್ ಹಾಕಲು ಹೋದರೆ ವೈಪರ್ ಓಡುತ್ತದೆ. ತಲೆ ಕೆಡಿಸಿಕೊಳ್ಳಬೇಡಿ, ಎರಡನೇ ದಿನ ಸರಿಹೋಗುತ್ತದೆ. ಆಟೋಮ್ಯಾಟಿಕ್ ಕಾರು ತೆಗೆದುಕೊಂಡರೆ ಅರ್ಧ ಭಾರ ಇಳಿಯುತ್ತದೆ. ಸ್ವಲ್ಪ ದುಬಾರಿ, ಆದರೆ ಆ ದುಡ್ಡು ವ್ಯರ್ಥವಲ್ಲ. ಅಪಾಯ ಇರುವುದು ಹೈವೇಯಲ್ಲಿ ಅಲ್ಲ. ಬೆಳಿಗ್ಗೆ ಖಾಲಿ ಪಾರ್ಕಿಂಗ್‌ನಿಂದ ಖಾಲಿ ರಸ್ತೆಗೆ ಬಂದು ಎಡಕ್ಕೆ ತಿರುಗುವಾಗ. ಮುಂದೆ ಯಾವ ಗಾಡಿಯೂ ಇಲ್ಲದಿದ್ದರೆ ಕೈ ತಾನಾಗಿ ನಮ್ಮೂರಿನ ಬದಿಗೆ ಎಳೆಯುತ್ತದೆ. ಪಕ್ಕದಲ್ಲಿ ಕೂತ ಮಗಳಿಗೆ ಆ ಕೆಲಸ ಕೊಡಿ. ಪ್ರತಿ ತಿರುವಿನಲ್ಲೂ "ಅಪ್ಪಾ, ಬಲಕ್ಕೆ" ಎನ್ನಲಿ.

ಜರ್ಮನಿಯ ಮನೆಗಳ ಬೀದಿಯಲ್ಲಿ ಬೋರ್ಡು ಇಲ್ಲದ ಕ್ರಾಸ್ ಬಂದರೆ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ನೀವು ದೊಡ್ಡ ರಸ್ತೆಯಲ್ಲಿದ್ದೀರಿ ಅನ್ನಿಸಿದರೂ. ಅಲ್ಲಿನ ಹೈವೇ ಆದ ಆಟೋಬಾನ್‌ನಲ್ಲಿ ಬಲಗಡೆಯಿಂದ ಓವರ್‌ಟೇಕ್ ಮಾಡಬಾರದು. ಜಾಮ್ ಆಗಿ ಗಾಡಿಗಳು ನಿಧಾನವಾದ ಕೂಡಲೇ ಎಡ ಸಾಲಿನವರು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿದು ನಡುವೆ ಆಂಬುಲೆನ್ಸ್‌ಗೆ ದಾರಿ ಬಿಡಬೇಕು. ಆಂಬುಲೆನ್ಸ್ ಸದ್ದು ಕೇಳಿದ ಮೇಲೆ ಅಲ್ಲ, ಮೊದಲೇ. ಇದನ್ನು ನೋಡಿದಾಗ ನನಗೆ ಕಣ್ಣು ತುಂಬಿಬಂದಿತ್ತು. ನಮ್ಮಲ್ಲೂ ಹೀಗಾದರೆ ಎಷ್ಟು ಜೀವ ಉಳಿಯುತ್ತಿತ್ತು ಅನ್ನಿಸಿತು.

ಬುಕ್ ಮಾಡುವಾಗ ಮೂರು ದೇಶಕ್ಕೂ ಹೋಗುತ್ತೇವೆ ಎಂದು ಹೇಳಿ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಕೆಲವು ದುಬಾರಿ ಕಾರುಗಳನ್ನು ಇಟಲಿಗೆ ಬಿಡುವುದೇ ಇಲ್ಲ. ಆಸ್ಟ್ರಿಯಾದ ಹೈವೇಗೆ ವಿನ್ಯೆಟ್, ಅಂದರೆ ಮೊದಲೇ ದುಡ್ಡು ಕಟ್ಟಿ ಪಡೆಯುವ ಟೋಲ್ ಚೀಟಿ ಬೇಕು, 10 ದಿನದ್ದು ಸಿಗುತ್ತದೆ. ಅಲ್ಲಿಂದ ಇಟಲಿಗೆ ದಾಟುವ ಬ್ರೆನ್ನರ್ ಘಾಟಿಯ ಹೈವೇಗೆ ಬೇರೆ ಟೋಲ್. ಸ್ವಿಟ್ಜರ್‌ಲೆಂಡ್‌ನಲ್ಲಿ ವರ್ಷದ ವಿನ್ಯೆಟ್ ಒಂದೇ, 40 ಫ್ರಾಂಕ್. ಒಂದೇ ದಿನ ಹೈವೇಗೆ ಹೋದರೂ ಅಷ್ಟೇ. ಇಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್ ದಂಡ, ಮೇಲೆ ವಿನ್ಯೆಟ್ ದುಡ್ಡು. ಇಟಲಿಯ ಹಳೆ ಪೇಟೆಗಳಲ್ಲಿ ಝಡ್‌ಟಿಎಲ್ ಎಂಬ ವಲಯ ಇರುತ್ತದೆ. ಬಿಳಿ ವೃತ್ತ, ಸುತ್ತ ಕೆಂಪು ಗೆರೆಯ ಬೋರ್ಡು. ಪರವಾನಗಿ ಇಲ್ಲದ ಗಾಡಿ ಒಳಗೆ ಹೋದರೆ ಕ್ಯಾಮೆರಾ ಹಿಡಿಯುತ್ತದೆ. ಅಲ್ಲಿ ಯಾರೂ ತಡೆಯುವುದಿಲ್ಲ. ನೀವು ಶಿವಮೊಗ್ಗಕ್ಕೆ ಬಂದು ತಿಂಗಳುಗಳಾದ ಮೇಲೆ ಬಾಡಿಗೆ ಕಂಪನಿ ತನ್ನ ಶುಲ್ಕವನ್ನೂ ಸೇರಿಸಿ ಕ್ರೆಡಿಟ್ ಕಾರ್ಡ್‌ನಿಂದ ಎಳೆದುಕೊಳ್ಳುತ್ತದೆ. ಕಾರು ಊರ ಹೊರಗೆ ಬಿಟ್ಟು ಬಸ್ಸಿನಲ್ಲಿ ಒಳಗೆ ಹೋಗಿ.

ಮಗಳ ಡಿಎಲ್ ಬಗ್ಗೆ ನಿರಾಶೆ ಬೇಡ. ಅವಧಿ ಮುಗಿದರೂ ಇಂಡಿಯಾದ ಡಿಎಲ್ ಪೂರ್ತಿ ವ್ಯರ್ಥವಾಗಿಲ್ಲ. ಹೊಸಬರ ಹಾಗೆ ಇಷ್ಟು ಗಂಟೆ ಕ್ಲಾಸು ಕಡ್ಡಾಯ ಎಂಬುದು ಅವರಿಗಿಲ್ಲ. ಕಣ್ಣಿನ ಪರೀಕ್ಷೆ, ಪ್ರಥಮ ಚಿಕಿತ್ಸೆಯ ತರಬೇತಿ, ಥಿಯರಿ, ಪ್ರಾಕ್ಟಿಕಲ್ ಇಷ್ಟು ಮುಗಿಸಬೇಕು. ಥಿಯರಿ ಇಂಗ್ಲಿಷ್‌ನಲ್ಲೂ ಬರೆಯಬಹುದು. ಪ್ರಾಕ್ಟಿಕಲ್ ಜರ್ಮನ್‌ನಲ್ಲೇ. ಆದರೂ ನಾಲ್ಕಾರು ಕ್ಲಾಸು ತೆಗೆದುಕೊಳ್ಳುವುದು ಒಳ್ಳೆಯದು, ನಮ್ಮ ಅಭ್ಯಾಸದಲ್ಲಿ ಹೋದವರು ಮೊದಲ ಸಲ ಫೇಲ್ ಆಗುವುದು ಮಾಮೂಲು. ಈಗ ಶುರು ಮಾಡಿದರೂ ಜೂನ್ ಒಳಗೆ ಆಗುತ್ತದೆ ಎಂದು ನಂಬಿಕೊಂಡು ಪ್ಲಾನ್ ಮಾಡಬೇಡಿ.

ನಿಮ್ಮ ಮನೆಯವರಿಗೆ ಡಿಎಲ್ ಇದೆಯಾ ಎಂದು ನೀವು ಬರೆದಿಲ್ಲ. ಇದ್ದರೆ, ಅವರಿಗೆ ಓಡಿಸುವ ರೂಢಿಯೂ ಇದ್ದರೆ, ಅವರಿಗೂ ಐಡಿಪಿ ಮಾಡಿಸಿ, ಎರಡನೇ ಡ್ರೈವರ್ ಆಗಿ ಒಪ್ಪಂದದಲ್ಲಿ ಹೆಸರು ಸೇರಿಸಿ. ಅವರೂ ನಿಮ್ಮ ಹಾಗೆ ಪ್ರವಾಸಿ, ಅವರಿಗೆ ತೊಡಕಿಲ್ಲ. ಇಲ್ಲದಿದ್ದರೆ ಓಡಿಸುವವರು ನೀವೊಬ್ಬರೇ ಎಂದು ಲೆಕ್ಕ ಹಾಕಿ ದಾರಿ ಹಂಚಿಕೊಳ್ಳಿ. ಮ್ಯೂನಿಕ್‌ನಿಂದ ಇನ್ಸ್‌ಬ್ರುಕ್ ಸುಮಾರು 160 ಕಿಲೋಮೀಟರ್. ಮೊದಲ ದಿನಕ್ಕೆ ಅಷ್ಟೇ ಸಾಕು. ಮಾರನೇ ದಿನ ಬ್ರೆನ್ನರ್ ದಾಟಿ ವೆರೋನಾ ಕಡೆ ಇಳಿಯಿರಿ, ಅದು ಇನ್ನೂರೈವತ್ತರ ಮೇಲಾಗುತ್ತದೆ, ನಡುವೆ ಊಟಕ್ಕೆ ನಿಲ್ಲಿ. ಸ್ವಿಟ್ಜರ್‌ಲೆಂಡ್ ಕಡೆಯಿಂದ ವಾಪಸ್ ಬರುವಾಗ ಗೊಟ್ಹಾರ್ಡ್ ಸುರಂಗ ಸಿಗುತ್ತದೆ. ಸುಮಾರು 17 ಕಿಲೋಮೀಟರ್ ಉದ್ದ, ಎದುರು ಗಾಡಿಗಳೂ ಅದರಲ್ಲೇ ಬರುತ್ತವೆ. ಅದಕ್ಕೆ ಮೊದಲು ಗಾಡಿ ನಿಲ್ಲಿಸಿ ಒಂದು ಕಾಫಿ ಕುಡಿಯಿರಿ.